ಕಿವಿಗೆ ಸೂಜಿ ಚುಚ್ಚಿದರೆ ಸಿಗರೇಟು ಬಿಡುತ್ತಾರೆಯೇ?

ಒಗೆಯಲು ಹಾಕುವ ಮುಂಚೆ ಯಜಮಾನರ ಅಂಗಿಯ ಜೇಬು ತಡಕುವ ಅಭ್ಯಾಸ ನಿಮಗೂ ಇದೆಯಲ್ಲವೇ? ಚಿಲ್ಲರೆ ಕಾಸು ಸಿಕ್ಕರೆ ನಮ್ಮ ಅದೃಷ್ಟ! ನನಗೆ ಮಾತ್ರ ಇಪ್ಪತ್ತು ವರ್ಷ ಸಿಕ್ಕಿದ್ದು ಬೆಂಕಿಪೊಟ್ಟಣ, ತಂಬಾಕಿನ ಪುಡಿ. ಅತ್ತದ್ದಾಯಿತು, ಮಕ್ಕಳ ಮೇಲೆ ಆಣೆ ಹಾಕಿಸಿದ್ದೂ ಆಯಿತು. ಕೊನೆಗೆ ಯಾರೋ "ಅಕ್ಯುಪಂಕ್ಚರ್ ಮಾಡಿಸ್ರೀ, ಒಂದೇ ಸಲಕ್ಕೆ ಬಿಟ್ಟುಬಿಡ್ತಾರೆ" ಅಂದರು. ಕರೆದುಕೊಂಡು ಹೋದೆ.

ಹೆದರಬೇಡಿ, ಇಂಜೆಕ್ಷನ್ ಸೂಜಿಯಂಥದ್ದಲ್ಲ, ತೀರಾ ಸಣ್ಣ ಎಳೆ. ಒಂದೊಂದು ಕಿವಿಗೆ ಐದು ಕಡೆ ಚುಚ್ಚಿ ಮುಕ್ಕಾಲು ಗಂಟೆ ಸುಮ್ಮನೆ ಕೂರಿಸಿದರು. ಸದಾ ಸಿಡಿಮಿಡಿ ಅನ್ನುವ ನಮ್ಮವರು ಕುರ್ಚಿಯಲ್ಲೇ ತೂಕಡಿಸಿದರು!

ಸೂಜಿ ಚಿಕಿತ್ಸೆ ಚೀನೀಯರದು, ಬಹು ಹಳೆಯದು. ಚಟ ಬಿಡಿಸಲು ಅದು ಬಳಕೆಗೆ ಬಂದದ್ದು ಮಾತ್ರ ಆಕಸ್ಮಿಕವಾಗಿ. 1972ರಲ್ಲಿ ಹಾಂಗ್‌ಕಾಂಗ್‌ನ ಶಸ್ತ್ರವೈದ್ಯ ಡಾ. ಎಚ್. ಎಲ್. ವೆನ್ ಅವರು, ಆಪರೇಷನ್ನಿನ ನೋವು ತಿಳಿಯದಿರಲೆಂದು ಅಫೀಮಿನ ಚಟವಿದ್ದ ರೋಗಿಯೊಬ್ಬನಿಗೆ ಸೂಜಿ ಚುಚ್ಚಿ ಸ್ವಲ್ಪ ವಿದ್ಯುತ್ ಹರಿಸಿದರು. ನೋಡಿದರೆ, ಅಫೀಮು ಸಿಗದೆ ಅವನು ಪಡುತ್ತಿದ್ದ ಸಂಕಟವೇ ಇಳಿದಿತ್ತು! ಆಮೇಲೆ ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ ಡಾ. ಮೈಕೇಲ್ ಸ್ಮಿತ್ ಮತ್ತು ಜೊತೆಯವರು ವಿದ್ಯುತ್ತನ್ನು ಕೈಬಿಟ್ಟು, ಕಿವಿಯ ಐದು ಬಿಂದುಗಳ ಪದ್ಧತಿಯನ್ನು ರೂಢಿಗೆ ತಂದರು. ಹೆರಾಯಿನ್ ಚಟಕ್ಕೆ ಮಾಡುತ್ತಿದ್ದದ್ದು ಸಿಗರೇಟಿಗೂ ಬಂತು. ನಮ್ಮ ದೇಶಕ್ಕೆ ಈ ವಿದ್ಯೆ ತಂದವರು ಡಾ. ಕೋಟ್ನಿಸರ ಜೊತೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ಕಲ್ಕತ್ತೆಯ ಡಾ. ಬಸು.

ಇರಲಿ, ನಮ್ಮ ಮನೆಯ ಕಥೆಗೆ ಬರೋಣ. ಹದಿನೆಂಟು ದಿನ ಬಿಟ್ಟರು. ನನ್ನ ಸಂಭ್ರಮ ಕೇಳಬೇಡಿ, ಹೋಳಿಗೆ ಮಾಡಿ ನಾಲ್ಕು ಮನೆಗೆ ಹಂಚಿದೆ. ಹತ್ತೊಂಬತ್ತನೇ ದಿನ ಒಂದು ಮದುವೆ ಛತ್ರದ ಹಿಂಬದಿಯಲ್ಲಿ, ಭಾವಮೈದುನರ ನಡುವೆ, ಹೊಗೆ ಬಿಡುತ್ತಾ ನಿಂತಿದ್ದರು.

ಸೂಜಿಯ ತಪ್ಪೋ, ಅವರ ತಪ್ಪೋ? ಕಾಕ್ರೇನ್ ಸಂಸ್ಥೆಯವರು 2014ರಲ್ಲಿ 38 ಅಧ್ಯಯನಗಳನ್ನು ತೂಗಿ ನೋಡಿದ್ದಾರೆ. ಮೊದಮೊದಲು ಸ್ವಲ್ಪ ಸಹಾಯವಾಗಬಹುದು. ಆರು ತಿಂಗಳಾದ ಮೇಲೂ ಬಿಟ್ಟೇ ಇರುತ್ತಾರೆ ಅನ್ನಲು ಗಟ್ಟಿ ಆಧಾರವಿಲ್ಲ, ನಿಕೋಟಿನ್ ಗಮ್ಮಿನಷ್ಟು ಗುಣ ಇದರಲ್ಲಿಲ್ಲ, ಎಂದು ಅವರ ಅಭಿಪ್ರಾಯ. ನನಗೆ ಅನ್ನಿಸುವುದು ಇಷ್ಟು: ಮೊದಲ ಎರಡು ಮೂರು ದಿನದ ಒದ್ದಾಟವೇ ಜಾಸ್ತಿ; ಸಿಟ್ಟು, ನಿದ್ದೆಗೇಡು ಮೂರು ನಾಲ್ಕು ವಾರ ಇರುತ್ತದೆ. ಆಗ ಹೋಗಿ ಕೂರಲು ಒಂದು ಜಾಗ, "ಇವತ್ತು ಹೇಗಿದ್ದೀರಿ?" ಅನ್ನಲು ಒಬ್ಬರು ಇದ್ದರಲ್ಲ, ಅದೇ ದೊಡ್ಡದು.

ಎರಡನೇ ಸಲ ಮೊದಲು ಡಾಕ್ಟರ ಹತ್ತಿರ ಹೋದೆವು. ಅವರು ಹೇಳಿದ್ದು 2 ಮಿಲಿಗ್ರಾಂ ನಿಕೋಟಿನ್ ಗಮ್. ಅದನ್ನು ಮಕ್ಕಳ ಚೂಯಿಂಗ್ ಗಮ್ಮಿನ ಹಾಗೆ ಜಗಿಯಬಾರದು. ಸ್ವಲ್ಪ ಜಗಿದು, ಖಾರ ಹತ್ತಿದ ಕೂಡಲೇ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕು. ಕಾಫಿ ಕುಡಿದು ಕಾಲು ಗಂಟೆ ಕಳೆಯುವವರೆಗೆ ಬೇಡ, ಔಷಧ ಮೈಗೆ ಹತ್ತುವುದಿಲ್ಲ. ಸೂಜಿಯೂ ಜೊತೆಗಿರಲಿ ಅಂದರು ನಮ್ಮವರು, ನಾನು ಬೇಡವೆನ್ನಲಿಲ್ಲ. ನೀವು ಮಾಡಿಸುವುದಾದರೆ ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಲಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಾದರೆ ಮೊದಲೇ ಹೇಳಿ. "ಗ್ಯಾರಂಟಿ" ಅಂದವರ ಬಾಗಿಲಿಗೆ ಹೋಗಲೇಬೇಡಿ.

ಮನೆಯಲ್ಲಿ ನಾನು ಮಾಡಿದ್ದು ಸಣ್ಣ ಕೆಲಸ. ಬೂದಿಬಟ್ಟಲು ಎಸೆದೆ. ಜಗಲಿಯ ಕಾಫಿಯನ್ನು ಅಡಿಗೆಮನೆಗೆ ತಂದೆ. ಜಗಲಿಗೆ ಹೋದರೆ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಸೋಂಪು, ಏಲಕ್ಕಿ ಕೈಗೆ ಸಿಗುವಂತೆ ಇಟ್ಟೆ. ಆಸೆ ಉಕ್ಕುವುದು ನಾಲ್ಕೈದು ನಿಮಿಷ ಮಾತ್ರ, ಅಷ್ಟರಲ್ಲಿ ಏನಾದರೂ ಕೆಲಸ ಹೇಳುತ್ತಿದ್ದೆ. ಒಮ್ಮೆ ಜಾರಿದಾಗ ಬಾಯಿ ಕಚ್ಚಿ ಸುಮ್ಮನಿದ್ದೆ, ಅದೇ ಕಷ್ಟವಾಗಿದ್ದು! ಸರ್ಕಾರದ ಉಚಿತ ಫೋನ್ 1800-11-2356ಕ್ಕೆ ನಿಮ್ಮ ಮನೆಯವರೇ ಮಾತಾಡಲಿ, ನೀವಲ್ಲ.

ಹೋದ ದೀಪಾವಳಿಗೆ ಎರಡು ವರ್ಷವಾಯಿತು. ಜೇಬು ತಡಕುವುದನ್ನು ನಾನಿನ್ನೂ ಬಿಟ್ಟಿಲ್ಲ, ಅದು ಬೇರೆ ಮಾತು.