ಮಕ್ಕಳಲ್ಲಿ ಡುಶೆನ್ ಸ್ನಾಯುಕ್ಷಯ: ಲಕ್ಷಣಗಳು, ತಪಾಸಣೆ ಹಾಗೂ ವಿಕಲಚೇತನರ ಪ್ರಮಾಣಪತ್ರ ಪಡೆಯುವ ವಿಧಾನ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ನಮೂದಿಸಲಾದ 21 ಬಗೆಯ ವಿಕಲತೆಗಳಲ್ಲಿ ಸ್ನಾಯುಕ್ಷಯವೂ ಒಂದಾಗಿದೆ. ಆದಾಗ್ಯೂ, ಮಗು ನಡೆಯುವುದನ್ನು ನಿಲ್ಲಿಸಿದ ನಂತರವೇ ಅರ್ಜಿ ಸಲ್ಲಿಸಬೇಕೆಂಬ ತಪ್ಪು ತಿಳಿವಳಿಕೆ ಅನೇಕ ಪೋಷಕರಲ್ಲಿದೆ. ಈ ಕಾಯಿಲೆಯಲ್ಲಿ ವಿಳಂಬದಿಂದಾಗುವ ನಷ್ಟವನ್ನು ಮುಂದೆ ಭರಿಸಲಾಗದು. ಆದುದರಿಂದ ಪೋಷಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಕಾಯಿಲೆಯ ಸ್ವರೂಪ

ಸ್ನಾಯುಕ್ಷಯದಲ್ಲಿ ಹಲವು ವಿಧಗಳಿದ್ದು, ಬಾಲ್ಯದಲ್ಲಿ ಹೆಚ್ಚಾಗಿ ಕಂಡುಬರುವುದು ಡುಶೆನ್ ವಿಧವಾಗಿದೆ. ಸುಮಾರು 3500ರಿಂದ 5000 ಗಂಡು ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಸ್ನಾಯುಕೋಶಗಳ ಹೊರಪೊರೆಯನ್ನು ಭದ್ರವಾಗಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ಬಹುಮಟ್ಟಿಗೆ ಉತ್ಪತ್ತಿಯಾಗುವುದಿಲ್ಲ. ಇದರಿಂದ ಪ್ರತಿ ಚಲನೆಯಲ್ಲಿಯೂ ಸ್ನಾಯುಗಳಿಗೆ ಹಾನಿಯಾಗಿ, ಕ್ರಮೇಣ ಅವುಗಳ ಸ್ಥಾನವನ್ನು ಕೊಬ್ಬು ಹಾಗೂ ನಾರಿನ ಅಂಗಾಂಶಗಳು ಆಕ್ರಮಿಸುತ್ತವೆ.

ಈ ಪ್ರೋಟೀನಿನ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕಾಯಿಲೆಯು ಪ್ರಧಾನವಾಗಿ ಗಂಡುಮಕ್ಕಳನ್ನು ಬಾಧಿಸುತ್ತದೆ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಈ ದೋಷವು ಮಗುವಿನಲ್ಲಿಯೇ ಹೊಸದಾಗಿ ಉಂಟಾಗುತ್ತದೆ. ಆದುದರಿಂದ ವಂಶದಲ್ಲಿ ಯಾರಿಗೂ ಇಲ್ಲವೆಂಬ ಕಾರಣದಿಂದ ಕಾಯಿಲೆಯಿಲ್ಲವೆಂದು ಭಾವಿಸಬಾರದು. ತಾಯಿಯ ಆಹಾರ, ನಡವಳಿಕೆ ಅಥವಾ ಗ್ರಹಣ ಇತ್ಯಾದಿಗಳು ಇದಕ್ಕೆ ಕಾರಣವಲ್ಲ.

ಗಮನಿಸಬೇಕಾದ ಲಕ್ಷಣಗಳು

ಸಾಮಾನ್ಯವಾಗಿ 2ರಿಂದ 5ನೇ ವಯಸ್ಸಿನೊಳಗೆ ಈ ಕೆಳಕಂಡ ಲಕ್ಷಣಗಳು ಗೋಚರಿಸುತ್ತವೆ:

1. ತಡವಾಗಿ ನಡೆಯಲಾರಂಭಿಸುವುದು, ಪದೇ ಪದೇ ಬೀಳುವುದು, ಓಡಲು ಹಾಗೂ ನೆಗೆಯಲು ಅಸಮರ್ಥವಾಗುವುದು.
2. ನೆಲದಿಂದ ಏಳುವಾಗ ಮೊಣಕಾಲು ಹಾಗೂ ತೊಡೆಗಳ ಮೇಲೆ ಕೈಗಳನ್ನೂರಿ ಹಂತಹಂತವಾಗಿ ಮೇಲೇಳುವುದು.
3. ಮೆಟ್ಟಿಲು ಹತ್ತಲು ಕಷ್ಟಪಡುವುದು. ತುದಿಗಾಲಿನಲ್ಲಿ ಅಥವಾ ಓಲಾಡುತ್ತಾ ನಡೆಯುವುದು.
4. ಮೀನಖಂಡಗಳು ದಪ್ಪವಾಗಿ ಕಾಣುವುದು. ಇದು ಪುಷ್ಟಿಯ ಲಕ್ಷಣವಲ್ಲ.
5. ಕೆಲವು ಮಕ್ಕಳಲ್ಲಿ ಮಾತು ಅಥವಾ ಕಲಿಕೆ ನಿಧಾನವಾಗುವುದು.

ಇಂತಹ ಮಗುವನ್ನು ಸೋಮಾರಿಯೆಂದು ಗದರಿಸುವುದಾಗಲಿ, ಆಟೋಟಗಳಿಗೆ ಬಲವಂತಪಡಿಸುವುದಾಗಲಿ ಸಲ್ಲದು.

ತಪಾಸಣೆ

ಮೊದಲ ಹಂತದಲ್ಲಿ ರಕ್ತದಲ್ಲಿನ ಕ್ರಿಯಾಟಿನ್ ಕೈನೇಸ್ ಪ್ರಮಾಣವನ್ನು ಪರೀಕ್ಷಿಸಲಾಗುತ್ತದೆ. ಇದು ಬಹಳ ಹೆಚ್ಚಿದ್ದಲ್ಲಿ ವಂಶವಾಹಿ ಪರೀಕ್ಷೆಯ ಮೂಲಕ ಕಾಯಿಲೆಯನ್ನು ದೃಢಪಡಿಸಲಾಗುತ್ತದೆ. ಸ್ನಾಯುಹಾನಿಯಿಂದ ಎಸ್.ಜಿ.ಓ.ಟಿ. ಹಾಗೂ ಎಸ್.ಜಿ.ಪಿ.ಟಿ. ಪ್ರಮಾಣಗಳೂ ಏರುವುದರಿಂದ ಕೆಲವೊಮ್ಮೆ ಇದನ್ನು ಯಕೃತ್ತಿನ ಕಾಯಿಲೆಯೆಂದು ತಪ್ಪಾಗಿ ಭಾವಿಸುವ ಸಂಭವವಿದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಭೇಟಿ ನೀಡುವ ವೈದ್ಯರ ತಂಡದ ಗಮನಕ್ಕೆ ಲಕ್ಷಣಗಳನ್ನು ತರಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರ-ಸ್ನಾಯು ಕಾಯಿಲೆಗಳ ತಜ್ಞರ ಸೇವೆ ಲಭ್ಯವಿದೆ.

ತಾಯಿಯು ವಾಹಕಿಯಾಗಿದ್ದಲ್ಲಿ, ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಹಾಗೂ ಪ್ರತಿ ಹೆಣ್ಣುಮಗುವೂ ವಾಹಕಿಯಾಗುವ ಸಂಭವ ಶೇ. 50ರಷ್ಟಿರುತ್ತದೆ. ಮುಂದಿನ ಗರ್ಭಧಾರಣೆಗೆ ಮುನ್ನ ಅನುವಂಶೀಯ ಸಲಹೆ ಪಡೆಯುವುದು ಅವಶ್ಯಕ.

ಚಿಕಿತ್ಸೆ ಮತ್ತು ಆರೈಕೆ

ಕಾಯಿಲೆಯನ್ನು ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಇನ್ನೂ ಇಲ್ಲ. ಆದರೆ ಸ್ಟೆರಾಯ್ಡ್ ಔಷಧಿಗಳಿಂದ ನಡೆಯುವ ಸಾಮರ್ಥ್ಯವನ್ನು ಹೆಚ್ಚು ಕಾಲ ಉಳಿಸಿಕೊಳ್ಳಬಹುದು. ಚಿಕಿತ್ಸೆಯಿಲ್ಲದಿದ್ದಲ್ಲಿ ಸಾಮಾನ್ಯವಾಗಿ 12ನೇ ವಯಸ್ಸಿನ ಸುಮಾರಿಗೆ ಗಾಲಿಕುರ್ಚಿ ಅನಿವಾರ್ಯವಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಸ್ಟೆರಾಯ್ಡನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಕೀಲುಗಳು ಬಿಗಿಯಾಗದಂತೆ ಫಿಸಿಯೋಥೆರಪಿ, ಹಾಗೂ ಹೃದಯ ಮತ್ತು ಶ್ವಾಸಕೋಶಗಳ ನಿಯತ ತಪಾಸಣೆ ಅಗತ್ಯ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಈ ಕಾಯಿಲೆಯ ಬಗ್ಗೆ ತಪ್ಪದೇ ತಿಳಿಸತಕ್ಕದ್ದು. ಅರಿವಳಿಕೆಯ ಕೆಲವು ಔಷಧಿಗಳು ಈ ಮಕ್ಕಳ ಪ್ರಾಣಕ್ಕೆ ಅಪಾಯ ತರಬಲ್ಲವು.

ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.)

ಪೋಷಕರು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಮಗುವಿನ ಭಾವಚಿತ್ರ, ಆಧಾರ್ ಹಾಗೂ ವಿಳಾಸದ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು. ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗುವಾಗ ವಂಶವಾಹಿ ಪರೀಕ್ಷಾ ವರದಿ ಹಾಗೂ ಚಿಕಿತ್ಸಾ ದಾಖಲೆಗಳನ್ನು ಕೊಂಡೊಯ್ಯುವುದು ಸೂಕ್ತ. ಅರ್ಜಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಕಾಯಿಲೆಯ ಹೆಸರಿನ ಆಧಾರದ ಮೇಲಲ್ಲದೆ, ಪರೀಕ್ಷೆಯ ದಿನದಂದು ಇರುವ ವಿಕಲತೆಯ ಆಧಾರದ ಮೇಲೆ ಶೇಕಡಾವಾರು ಪ್ರಮಾಣವನ್ನು ನಿಗದಿಪಡಿಸಲಾಗುತ್ತದೆ. ಆದ್ದರಿಂದ ನಡೆಯಬಲ್ಲ ಮಗುವಿಗೆ ಶೇ. 40ಕ್ಕಿಂತ ಕಡಿಮೆ ನಮೂದಾಗಬಹುದು. ಇದನ್ನು ಅಂತಿಮವೆಂದು ತಿಳಿಯಬಾರದು. ದೌರ್ಬಲ್ಯ ಹೆಚ್ಚಿದಾಗ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ತಾತ್ಕಾಲಿಕ ಪ್ರಮಾಣಪತ್ರವಾಗಿದ್ದಲ್ಲಿ ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಕ್ರಮ ವಹಿಸುವುದು.

ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಹಾಗೂ ಲಿಪಿಕಾರರ ಸೌಲಭ್ಯಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ. ತರಗತಿಯನ್ನು ನೆಲಮಹಡಿಯಲ್ಲಿ ನಡೆಸುವಂತೆ ಹಾಗೂ ಇಳಿಜಾರು ದಾರಿ ಕಲ್ಪಿಸುವಂತೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೋರಬಹುದು.

ಮೇಲ್ಕಂಡ ಲಕ್ಷಣಗಳು ಕಂಡುಬಂದಲ್ಲಿ ಪೋಷಕರು ಕಾಯದೆ, ಮಗು ನಡೆಯುತ್ತಿರುವಾಗಲೇ ತಪಾಸಣೆ ಮಾಡಿಸಿ, ಕಾಯಿಲೆ ದೃಢಪಟ್ಟ ಕೂಡಲೇ ಅರ್ಜಿ ಸಲ್ಲಿಸಲು ಕೋರಲಾಗಿದೆ.