ಫೋನ್ ಮಾಡಬೇಕೆ, ಬರೆದಿಡಬೇಕೆ?

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಸೇರಿ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪುಟ್ಟ ಪ್ರೋಗ್ರಾಂ ಬರೆಯಲು ಹೊರಟೆವು. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದುಕೊಟ್ಟರು, ತಡವಾದರೆ ದಂಡ ಎಷ್ಟು, ಇಷ್ಟೇ. ಇಬ್ಬರು ಕೊಳ್ಳೇಗಾಲದವರು, ಒಬ್ಬ ಹನೂರು ಕಡೆಯ ಹಳ್ಳಿಯವನು, ಒಬ್ಬಳು ಯಳಂದೂರಿನವಳು. ರಜೆಯಾದ್ದರಿಂದ ಎಲ್ಲರೂ ಅವರವರ ಮನೆಯಲ್ಲಿ. ಪೈಥಾನ್ ನಮಗೆ ತಕ್ಕಮಟ್ಟಿಗೆ ಬರುತ್ತಿತ್ತು. ಕೆಲಸ ಕೆಟ್ಟದ್ದು ಪೈಥಾನ್‌ನಿಂದಲ್ಲ, ನಾವು ಮಾತಾಡಿಕೊಂಡ ರೀತಿಯಿಂದ.

ಒಂದು ವಾಟ್ಸಾಪ್ ಗುಂಪು ಮಾಡಿದೆವು. ಕೋಡ್, ಪರದೆಯ ಫೋಟೋ, ವಾಯ್ಸ್ ಮೆಸೇಜ್, ನಡುವೆ ಕ್ರಿಕೆಟ್ ಸ್ಕೋರ್, ಎಲ್ಲವೂ ಅದರಲ್ಲೇ. ಮೂರನೆಯ ದಿನ ಸಂಜೆ ಮೂವರು ವಿಡಿಯೋ ಕಾಲ್‌ನಲ್ಲಿ ಕೂತು, ದಂಡದ ಲೆಕ್ಕದಲ್ಲಿ ರಜಾದಿನಗಳನ್ನು ಬಿಡಬೇಕೆಂದು ತೀರ್ಮಾನಿಸಿದೆವು. ಯಳಂದೂರಿನ ಗೆಳತಿ ಅದರಲ್ಲಿ ಇರಲಿಲ್ಲ. ಅವಳ ಮನೆಗೆ ಇರುವುದು ಒಂದೇ ಫೋನ್. ಬೆಳಿಗ್ಗೆ ಅವಳ ಅಬ್ಬಾ ಜೊತೆ ಅಂಗಡಿಗೆ ಹೋದರೆ ಇಶಾ ನಮಾಜ್ ಮುಗಿದ ಮೇಲೆಯೇ ಅದು ಮನೆಗೆ ಬರುವುದು. ದಂಡದ ಭಾಗ ಬರೆಯುತ್ತಿದ್ದವಳು ಅವಳೇ! ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ದಿನ ಕೂತು, ಎಲ್ಲ ದಿನಗಳನ್ನೂ ಎಣಿಸುವ ಕೋಡ್ ಬರೆದು ಕಳಿಸಿದಳು. ನಾನು ಅದನ್ನು ತೆರೆದೂ ನೋಡದೆ ನನ್ನದನ್ನು ಅದರ ಜಾಗದಲ್ಲಿ ಅಂಟಿಸಿದೆ. "ನನ್ನನ್ನು ಬಿಡಿ, ನೀವೇ ಮಾಡ್ಕೊಳ್ಳಿ" ಎಂದು ಬರೆದು ಅವಳು ಗುಂಪು ಬಿಟ್ಟಳು.

ನಾಚಿಕೆಯಾಯಿತು. ದೂರದೂರ ಇರುವವರು ಸೇರಿ ಸಾಫ್ಟ್‌ವೇರ್ ಮಾಡುವುದು ಹೇಗೆಂದು ಆಮೇಲೆ ಓದತೊಡಗಿದೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಮಾಡುತ್ತಿದ್ದ ಆಪರೇಟಿಂಗ್ ಸಿಸ್ಟಂ ಬಗ್ಗೆ ಇಂಟರ್ನೆಟ್‌ನಲ್ಲಿ ಒಂದು ಸಂದೇಶ ಹಾಕಿದರು. ಅದೇ ಇಂದಿನ ಲಿನಕ್ಸ್. ನಮ್ಮ ಆಂಡ್ರಾಯ್ಡ್ ಫೋನ್‌ಗಳ ಒಳಗೂ ಅದರ ತಿರುಳಿದೆ. ದೇಶದೇಶಗಳ ಸಾವಿರಾರು ಜನ ಅದಕ್ಕೆ ಕೋಡ್ ಬರೆಯುತ್ತಾರೆ, ಚರ್ಚೆ ಬಹುಮಟ್ಟಿಗೆ ಇಂದಿಗೂ ಸಾದಾ ಇಮೇಲ್‌ನಲ್ಲೇ. ಹಳೆಯ ಕಾಲದ್ದು ಅನ್ನಿಸಬಹುದು. ಆದರೆ ಒಬ್ಬರು ಎದ್ದಿರುವಾಗ ಇನ್ನೊಬ್ಬರು ಮಲಗಿರುತ್ತಾರೆ. ಇಮೇಲ್ ಕಾಯುತ್ತದೆ, ಕಾಲ್ ಕಾಯುವುದಿಲ್ಲ. ವರ್ಷಗಳ ನಂತರವೂ ಆ ಚರ್ಚೆಯನ್ನು ಹುಡುಕಿ ಓದಬಹುದು. 2005ರಲ್ಲಿ ಟೋರ್ವಾಲ್ಡ್ಸ್ ಅವರೇ 'ಗಿಟ್' ಎಂಬ ಸಾಧನ ಬರೆದರು. ಯಾರು, ಯಾವಾಗ, ಯಾವ ಸಾಲು ಬದಲಿಸಿದರು, ಬದಲಿಸಿದವರು ಕೊಟ್ಟ ಕಾರಣವೇನು, ಎಲ್ಲ ಅದರಲ್ಲಿ ಉಳಿಯುತ್ತದೆ. ಅದು ನಮ್ಮಲ್ಲಿ ಇದ್ದಿದ್ದರೆ ಗೆಳತಿಯ ಕೋಡ್ ನನ್ನ ಕೈಯಲ್ಲಿ ಹಾಗೆ ಅಳಿಸಿಹೋಗುತ್ತಿರಲಿಲ್ಲ.

ಕನ್ನಡದಲ್ಲೇ ನೋಡಬೇಕೆಂದರೆ ಕನ್ನಡ ವಿಕಿಪೀಡಿಯ ತೆರೆಯಿರಿ. ಅದು ಸಾಫ್ಟ್‌ವೇರ್ ಅಲ್ಲ, ಆದರೆ ಕೆಲಸದ ರೀತಿ ಅದೇ. ಪ್ರತಿ ಲೇಖನಕ್ಕೂ ಒಂದು ಚರ್ಚೆ ಪುಟ, ಒಂದು ಇತಿಹಾಸ. ಎಲ್ಲರಿಗೂ ಸಂಬಂಧಿಸಿದ ಮಾತಿಗೆ 'ಅರಳಿ ಕಟ್ಟೆ' ಎಂಬ ಪುಟವಿದೆ. ಊರಿನ ಅರಳಿ ಕಟ್ಟೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಈ ಕಟ್ಟೆಯಲ್ಲಿ ಹೋಗುವುದಿಲ್ಲ.

ಇದೆಲ್ಲ ಹೇಳಿದಾಗ ನನ್ನ ನಾನಾ, "ಬರೆದಿಡಿ ಅಂತ ನಮಗೆ ಹೇಳಿ ಎಷ್ಟು ಕಾಲವಾಯ್ತಪ್ಪ" ಎಂದು ನಕ್ಕರು. ಕುರ್‌ಆನ್‌ನ ಅತಿ ಉದ್ದದ ಆಯತ್, ಸೂರಾ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಚಿಕ್ಕದಿರಲಿ ದೊಡ್ಡದಿರಲಿ ಬರೆದಿಡಬೇಕೆಂದು, ಸಾಕ್ಷಿಗಳಿರಬೇಕೆಂದು ಹೇಳುತ್ತದೆ. ಕೋಡ್‌ಗೂ ಸಾಲಕ್ಕೂ ಏನು ನಂಟು ಎಂದು ಆಗ ಅನ್ನಿಸಿತ್ತು.

ಹಾಗೆಂದು ಎಲ್ಲವನ್ನೂ ಬರೆದೇ ಮಾಡಲಾಗುವುದಿಲ್ಲ. ಹನೂರಿನ ಗೆಳೆಯನ ಪ್ರೋಗ್ರಾಂ ಒಂದು ದಿನ ಓಡಲೇ ಇಲ್ಲ. ಗುಂಪಿನಲ್ಲಿ ನಲವತ್ತು ಮೆಸೇಜ್ ಆದವು, ಜಗಳವೂ ಆಯಿತು. ಕೊನೆಗೆ ಅವನು ನೆಟ್‌ವರ್ಕ್ ಸಿಗುವ ದಿಣ್ಣೆ ಹತ್ತಿ ಫೋನ್ ಮಾಡಿ ಒಂದೊಂದೇ ಸಾಲು ಓದಿದ. ಹತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು. ಪೈಥಾನ್‌ನಲ್ಲಿ ಸಾಲಿನ ಮೊದಲಿನ ಖಾಲಿ ಜಾಗಕ್ಕೂ ಅರ್ಥವಿದೆ. ನಾನು ಕಳಿಸಿದ ಫೋಟೋ ನೋಡಿ ಟೈಪ್ ಮಾಡುವಾಗ ಅವನು ಒಂದು ಸಾಲನ್ನು ಎಡಕ್ಕೆ ತಂದುಬಿಟ್ಟಿದ್ದ. ಸಿಕ್ಕು ಬಿಡಿಸಲು, ಮುನಿಸು ತೀರಿಸಲು ದನಿಯೇ ಬೇಕು. ಗೆಳತಿಯ ಕ್ಷಮೆಯನ್ನೂ ನಾನು ಮೆಸೇಜ್‌ನಲ್ಲಿ ಕೇಳಲಿಲ್ಲ. ರಾತ್ರಿ ಅವಳ ಅಬ್ಬಾಗೆ ಫೋನ್ ಮಾಡಿ, ಅವರ ಅನುಮತಿ ಪಡೆದು ಮಾತಾಡಿದೆ.

ಅವಳು ಮರಳಿ ಬಂದಳು, ಆದರೆ ಶರತ್ತು ಹಾಕಿ. ಕಾಲ್‌ನಲ್ಲಿ ಏನೇ ತೀರ್ಮಾನವಾಗಲಿ, ಕಾರಣದೊಂದಿಗೆ ಬರೆದು ಹಾಕುವ ತನಕ ಅದು ತೀರ್ಮಾನವಲ್ಲ. ಈಗ ಕೋಡ್ ಇರುವುದು ಗಿಟ್‌ಹಬ್‌ನಲ್ಲಿ. ಪ್ರತಿ ಸಮಸ್ಯೆಗೂ ಅಲ್ಲಿ ಬೇರೆ ಬೇರೆ ಪುಟ. ವಾಟ್ಸಾಪ್ ಗುಂಪು "ಇವತ್ತು ಕರೆಂಟ್ ಇಲ್ಲ" ಎನ್ನುವುದಕ್ಕೆ, ಕ್ರಿಕೆಟ್‌ಗೆ. ಬರೆಯುವುದು ಕನ್ನಡದಲ್ಲಿ. ಮೂವರ ಮನೆಮಾತು ಉರ್ದು, ನಮ್ಮ ವಾಯ್ಸ್ ಮೆಸೇಜ್‌ಗಳು ಹನೂರಿನವನಿಗೆ ಅರ್ಧಂಬರ್ಧ ಅರ್ಥವಾಗುತ್ತಿದ್ದವು. ಪಾಪ, ಅವನು ಅದನ್ನು ಹೇಳಿದ್ದೂ ಆಮೇಲೆಯೇ.

ದಂಡದ ಭಾಗವನ್ನು ಗೆಳತಿಯೇ ಮತ್ತೆ ಬರೆದಳು, ರಜಾದಿನ ಬಿಟ್ಟು. ಅವಳ ಟಿಪ್ಪಣಿಗಳು ಬರುವುದು ರಾತ್ರಿ ಒಂಬತ್ತರ ಮೇಲೆ. ಹನೂರಿನವನು ಬೆಳಿಗ್ಗೆ ದಿಣ್ಣೆಯ ಮೇಲೆ ಓದುತ್ತಾನೆ. ಸದ್ಯ ಒಂದು ಸಮಸ್ಯೆ ಉಳಿದಿದೆ: ಒಂದೇ ಸಾಲಿನಲ್ಲಿ ಉರ್ದು ಪುಸ್ತಕದ ಹೆಸರೂ ಕನ್ನಡ ಹೆಸರೂ ಬಂದರೆ, ಬಲದಿಂದ ಎಡಕ್ಕೆ ಹೋಗುವ ಅಕ್ಷರಗಳ ನಡುವೆ ಅಂಕಿಗಳು ಸ್ಥಳ ಬದಲಿಸಿ ಕೂರುತ್ತವೆ. ಗೊತ್ತಿದ್ದವರು ಲ್ಯಾಬ್‌ಗೆ ಬನ್ನಿ, ಆ ಪುಟ ತೋರಿಸುತ್ತೇವೆ.