ನೂರು ಮಂದಿಗಷ್ಟೇ ಬಾಗಿಲು ತೆರೆಯುವ ನಾಡು

ಐಲ್ಯಾಂಡಿಯಾಕ್ಕೆ ಹೊರಡುವವರು ಮೊದಲು ತಲೆ ಎಣಿಸಬೇಕು. ಅಲ್ಲಿ ಈಗಾಗಲೇ ನೂರು ಮಂದಿ ಪರದೇಶಿಯರಿದ್ದರೆ ನೂರಾ ಒಂದನೆಯವರಿಗೆ ಜಾಗವಿಲ್ಲ. ಒಳಗೆ ಹೋದವರೂ ವರ್ಷಕ್ಕಿಂತ ಹೆಚ್ಚು ದಿನ ತಂಗುವಂತಿಲ್ಲ. ಇದಕ್ಕೆ ಆ ನಾಡಿನಲ್ಲಿ 'ನೂರರ ಕಾಯಿದೆ' ಎಂದು ಹೆಸರು. ಹೆಸರಿನಲ್ಲಿ ದ್ವೀಪವಿದ್ದರೂ ಐಲ್ಯಾಂಡಿಯಾ ದ್ವೀಪವಲ್ಲ. ದಕ್ಷಿಣ ಗೋಳಾರ್ಧದ ಕರೇನ್ ಎಂಬ ಖಂಡದ ದಕ್ಷಿಣ ತುದಿಯಲ್ಲಿ, ಬೆನ್ನಿಗೆ ದೊಡ್ಡ ಪರ್ವತಸಾಲು ಇಟ್ಟುಕೊಂಡು ಕಡಲಿಗೆ ಮುಖ ಮಾಡಿ ಕೂತ ಪರ್ಯಾಯದ್ವೀಪ ಅದು. ಅಟ್ಲಾಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ಕಟ್ಟಿದವರು ಕಾನೂನಿನ ಮೇಷ್ಟ್ರೊಬ್ಬರು, ಅಮೆರಿಕದ ಆಸ್ಟಿನ್ ಟಾಪನ್ ರೈಟ್.

ರೈಟ್ ಹುಟ್ಟಿದ್ದು 1883ರಲ್ಲಿ. ತಂದೆ ಹಾರ್ವರ್ಡ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕ, ತಾಯಿ ಮೇರಿ ಟಾಪನ್ ರೈಟ್ ಕಾದಂಬರಿಕಾರ್ತಿ. ತಮ್ಮ ಜಾನ್ ಕರ್ಟ್‌ಲ್ಯಾಂಡ್ ರೈಟ್ ಮುಂದೆ ಹೆಸರಾಂತ ಭೂಗೋಳಶಾಸ್ತ್ರಜ್ಞರಾಗಿ, ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿಯ ನಿರ್ದೇಶಕರಾದರು. ಇಂಥ ಮನೆಯಲ್ಲಿ ಹುಡುಗನೊಬ್ಬ ಭೂಪಟ ಬರೆಯುತ್ತ ತನ್ನದೇ ನಾಡನ್ನು ಊಹಿಸಿಕೊಂಡರೆ ಅಚ್ಚರಿಯೇನಿಲ್ಲ. ಎಷ್ಟೋ ಮಕ್ಕಳು ಹಾಗೆ ಮಾಡುತ್ತಾರೆ, ದೊಡ್ಡವರಾಗುತ್ತ ಮರೆಯುತ್ತಾರೆ. ಇವರು ಮರೆಯಲಿಲ್ಲ. ವಕೀಲಿ ಮಾಡುವಾಗಲೂ, ಬರ್ಕ್ಲಿಯಲ್ಲಿ, ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವಾಗಲೂ ಆ ನಾಡನ್ನು ಬೆಳೆಸುತ್ತಲೇ ಹೋದರು. ಅಚ್ಚಿಗೆ ಕೊಡುವ ಅವಸರ ಅವರಿಗಿರಲಿಲ್ಲ.

ಅವರು ಕೆಲಸ ಮಾಡಿದ ಬಗೆ ನನ್ನನ್ನು ಬಹಳವಾಗಿ ಸೆಳೆಯುತ್ತದೆ. ನಾವು ಕತೆಗಾರರೆಂದರೆ ಮೊದಲು ಪಾತ್ರ, ಆಮೇಲೆ ಊರು ಎಂದುಕೊಳ್ಳುತ್ತೇವೆ. ರೈಟ್ ಊರಿನ ದಫ್ತರಗಳನ್ನೇ ಮೊದಲು ಸಿದ್ಧಮಾಡಿಕೊಂಡವರಂತೆ ಕಾಣುತ್ತಾರೆ. ಮೊಸ್ಸೂ ಪೆರಿಯೇ ಎಂಬ ಕಲ್ಪಿತ ಫ್ರೆಂಚ್ ಕಾನ್ಸಲ್ ಒಬ್ಬನ ಹೆಸರಿನಲ್ಲಿ ಆ ದೇಶದ ಇತಿಹಾಸ, ವರ್ಣನೆಗಳ ದೊಡ್ಡ ಗ್ರಂಥವನ್ನೇ ಬರೆದರು. ಮನೆತನಗಳ ವಂಶಾವಳಿ ಬರೆದರು, ಭೂಪಟಗಳನ್ನು ಗೀಚಿದರು. ನೆಲದಡಿಯ ಕಲ್ಲು ಯಾವುದೆಂದು ತೋರಿಸುವ ಭೂವಿಜ್ಞಾನದ ನಕ್ಷೆಯೂ ಅವುಗಳಲ್ಲಿತ್ತು. 'ಐಲ್ಯಾಂಡಿಯಾ' ಕಾದಂಬರಿ ಇಷ್ಟು ದೊಡ್ಡ ಕಟ್ಟಡದ ಒಂದು ಕಿಟಕಿ ಮಾತ್ರ.

ಕಿಟಕಿಯಲ್ಲಿ ಕಾಣುವುದು ರಾಜಕೀಯ. ಕಾಲ 1907. ಹಾರ್ವರ್ಡ್‌ನಲ್ಲಿ ಓದಿದ ಜಾನ್ ಲ್ಯಾಂಗ್ ಎಂಬ ಯುವಕ ಅಮೆರಿಕದ ಕಾನ್ಸಲ್ ಆಗಿ ಅಲ್ಲಿಗೆ ಬರುತ್ತಾನೆ. ತನ್ನ ದೇಶದ ವ್ಯಾಪಾರಿಗಳಿಗೆ ದಾರಿ ಮಾಡಿಕೊಡುವುದು ಅವನಿಂದ ನಿರೀಕ್ಷಿಸಿದ ಕೆಲಸ. ನಾಡಿಗೆ ಟೋರ್ ಎಂಬ ರಾಜನಿದ್ದಾನೆ, ಆದರೆ ಅವನೊಬ್ಬನ ಮಾತೇ ಕಡೆಯದಲ್ಲ. ಪ್ರಾಂತ್ಯಗಳ ಪ್ರಭುಗಳು ಕೂತು ಚರ್ಚಿಸುವ ಪರಿಷತ್ತು ಇದೆ. ದೇಶವನ್ನು ಹೊರಗಿನವರಿಗೆ ತೆರೆಯಬೇಕು, ರೈಲು, ಗಣಿ, ವ್ಯಾಪಾರ ಬರಬೇಕು ಎನ್ನುವ ಪಕ್ಷಕ್ಕೆ ಮೋರಾ ಪ್ರಭು ಮುಖಂಡ. ಬೇಡ ಎನ್ನುವವರ ಮುಂದಾಳು ಡೋರ್ನ್ ಪ್ರಭು. ಲ್ಯಾಂಗ್‌ಗೆ ಕಾಲೇಜು ಗೆಳೆಯನಾಗಿದ್ದ ಕಿರಿಯ ಡೋರ್ನ್ ಅದೇ ಮನೆತನದವನು. ಎರಡು ಕಡೆಯವರೂ ದೇಶಪ್ರೇಮಿಗಳೇ. ಮೋರಾನನ್ನು ದುಷ್ಟನನ್ನಾಗಿ ಮಾಡದೆ ಅವನ ವಾದಕ್ಕೂ ತೂಕ ಕೊಟ್ಟದ್ದು ವಕೀಲನಾಗಿದ್ದ ಲೇಖಕನ ನ್ಯಾಯಬುದ್ಧಿ. ಕೊನೆಗೆ ಐಲ್ಯಾಂಡಿಯಾ ಬಾಗಿಲು ಮುಚ್ಚಿಯೇ ಇರಲೆಂದು ತೀರ್ಮಾನಿಸುತ್ತದೆ. ಅಷ್ಟು ಹೊತ್ತಿಗೆ ಕಾನ್ಸಲ್ ಸಾಹೇಬನ ಮನಸ್ಸೂ ಅದೇ ಕಡೆ ವಾಲಿರುತ್ತದೆ, ಅವನನ್ನು ನೆಚ್ಚಿದ್ದ ವ್ಯಾಪಾರಿಗಳು ಕೈ ಹಿಸುಕಿಕೊಳ್ಳುತ್ತಾರೆ.

ಅವನ ಮನಸ್ಸು ವಾಲಿದ್ದು ಯಾಕೆಂದು ತಿಳಿಯಲು ಆ ನಾಡಿನ ಮಾತು ಕಲಿಯಬೇಕು. ಅಲ್ಲಿ ಪ್ರೀತಿಗೆ ಒಂದೇ ಪದವಿಲ್ಲ. ಸ್ನೇಹದ ಅಕ್ಕರೆ 'ಅಮಿಯಾ'. ದೇಹದ ಸೆಳೆತ 'ಅಪಿಯಾ'. ಇವರೊಡನೆಯೇ ಬಾಳಬೇಕೆಂಬ ಒಲವು 'ಅನಿಯಾ'. ನಾಲ್ಕನೆಯದು 'ಅಲಿಯಾ', ಅಂದರೆ ಹುಟ್ಟಿದ ಮಣ್ಣು, ಅದನ್ನು ಉತ್ತ ಹಿರಿಯರು, ಮುಂದೆ ಉಳುವ ಮಕ್ಕಳು, ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಪ್ರೀತಿ. ಮಣ್ಣು ಮತ್ತು ಮನೆತನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ಪದ ಕನ್ನಡದಲ್ಲೂ ನನಗೆ ಹೊಳೆಯುತ್ತಿಲ್ಲ, ಆ ಭಾವ ಮಾತ್ರ ನಮಗೆ ಚೆನ್ನಾಗಿ ಗೊತ್ತು. ಇನ್ನೊಂದು ಪದ 'ಟಾನ್‌ರಿಡೂನ್'. ಗೆಳೆಯನ ಮನೆಯಲ್ಲಿ ನಿಮಗೆಂದೇ ಮೀಸಲಾದ ಕೋಣೆ, ಅಲ್ಲಿ ಯಾವಾಗ ಬೇಕಾದರೂ ಬಂದು ಇಳಿದುಕೊಳ್ಳುವ ಹಕ್ಕು. ಇಷ್ಟು ದಿನವೆಂಬ ಕರಾರಿಲ್ಲ. ಪರದೇಶಿಯರನ್ನು ಎಣಿಸಿ ಒಳಗೆ ಬಿಡುವ ನಾಡೇ ಸ್ನೇಹಿತನಿಗೆ ಕೋಣೆ ಕಾದಿಡುತ್ತದೆ. ಕಾದಂಬರಿಯ ಜೀವ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ.

ಕಳಂಕವೂ ಇದೆ. ಪರ್ವತದಾಚೆಯ ಕಪ್ಪು ಜನರು ಈ ಕತೆಯಲ್ಲಿ ಬಹುಮಟ್ಟಿಗೆ ದಾಳಿಕೋರರಾಗಿಯೇ ಬರುತ್ತಾರೆ, ಅವರ ಕಡೆಯ ಮಾತು ಕೇಳಿಸುವುದಿಲ್ಲ. ಮೋರಾನಿಗೆ ಕೊಟ್ಟ ನ್ಯಾಯವನ್ನು ರೈಟ್ ಈ ಜನರಿಗೆ ಕೊಡಲಿಲ್ಲ. ಒಳಗಿನವರ ನೆಮ್ಮದಿಯನ್ನು ಮೆಚ್ಚುವಾಗ ಇದನ್ನು ಓದುಗರು ಮರೆಯಬಾರದು.

1931ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ನಡೆದ ಕಾರು ಅಪಘಾತದಲ್ಲಿ ರೈಟ್ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಕೈಬರಹದ ಸುಮಾರು 2,300 ಪುಟ. ಪತ್ನಿ ಮಾರ್ಗೋ ಇದಕ್ಕೆಂದೇ ಟೈಪಿಂಗ್ ಕಲಿತು ಅಷ್ಟನ್ನೂ ಬೆರಳಚ್ಚು ಮಾಡಿದರು. ಪುಸ್ತಕವನ್ನು ಕಾಣದೆ 1937ರಲ್ಲಿ ಅವರೂ ಹೋದರು. ಆಮೇಲೆ ಮಗಳು ಸಿಲ್ವಿಯಾ, ಸಂಪಾದಕ ಮಾರ್ಕ್ ಸ್ಯಾಕ್ಸ್‌ಟನ್ ಜೊತೆ ಕೂತು ಅದನ್ನು ಕತ್ತರಿಸಿ ಓರಣಗೊಳಿಸಿದರು. (ಹಾಡಿನ ಪದಗಳನ್ನು ತಪ್ಪಾಗಿ ಕೇಳಿಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ 'ಮಾಂಡೆಗ್ರೀನ್' ಎಂಬ ಪದ ಕೊಟ್ಟವರು ಇದೇ ಸಿಲ್ವಿಯಾ ರೈಟ್.) 1942ರಲ್ಲಿ, ಮಹಾಯುದ್ಧದ ನಡುವೆ, ಸಾವಿರ ಪುಟ ಮೀರಿದ 'ಐಲ್ಯಾಂಡಿಯಾ' ಹೊರಬಂತು. ಆ ನಾಡಿನ ಇತಿಹಾಸ, ಕಾನೂನು, ಭಾಷೆಗಳನ್ನು ಪರಿಚಯಿಸುವ ಬೇಸಿಲ್ ಡಾವೆನ್‌ಪೋರ್ಟ್‌ರ ಪುಟ್ಟ ಪುಸ್ತಕವೂ ಅದೇ ವರ್ಷ ಬಂತು.

ಕೈಗೆ ಸಿಕ್ಕರೆ ನಿಧಾನವಾಗಿ ಓದಿ. ಅಲ್ಲಿ ಕುದುರೆಯ ವೇಗಕ್ಕಿಂತ ಬೇಗ ಯಾವುದೂ ನಡೆಯುವುದಿಲ್ಲ. ರೈಟ್ ಅವರ ಕಾಗದಪತ್ರಗಳು ಈಗ ಹಾರ್ವರ್ಡ್‌ನ ಹೌಟನ್ ಗ್ರಂಥಾಲಯದಲ್ಲಿವೆ. ಮೊಸ್ಸೂ ಪೆರಿಯೇ ಬರೆದನೆನ್ನುವ ಆ ಇತಿಹಾಸ ಗ್ರಂಥವೂ ಅಲ್ಲೇ, ಹಸ್ತಪ್ರತಿಯಾಗಿ ಉಳಿದಿದೆ.